ಅತ್ತೆ ಓದದೆ ಹೋದ ಪುಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರದ ಮೆಟ್ಟು ಕಟಕಟ ಎನ್ನುತ್ತಿದೆ. ಕೆಳಗಿನ ಮನೆಯವರಿಗೆ ಈ ಸದ್ದು ಒಗ್ಗಿಹೋಗಿದೆ. ಮೇಲಿನವರು ಬೆಳಗಾಗುವ ಮೊದಲೇ ಹೊಲಿಯಲು ಕೂತರು ಎಂದುಕೊಂಡು ಅವರು ಮಗ್ಗುಲು ಬದಲಿಸುತ್ತಾರೆ. ಆದರೆ ಇಲ್ಲಿ ಬಟ್ಟೆಯೂ ಇಲ್ಲ, ಸೂಜಿಯೂ ಇಲ್ಲ, ಯಂತ್ರದ ತಲೆಯೇ ಇಲ್ಲ. ಅದನ್ನು ಬಿಚ್ಚಿ ಮಂಚದ ಕೆಳಗೆ ಇಟ್ಟು ವರ್ಷಗಳಾದವು. ಉಳಿದ ಮೇಜಿನ ಮೇಲೆ ಕಂಪ್ಯೂಟರ್ ಕೂತಿದೆ. ಅದರ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದೇ ಸಾಲನ್ನು ನೋಡುತ್ತಿದ್ದಾರೆ. ಕಾಲು ಮಾತ್ರ ತನ್ನ ಪಾಡಿಗೆ ತಾನು ಮೆಟ್ಟು ತುಳಿಯುತ್ತಿದೆ.

“ಎಲ್ಲಿ ಸಿಕ್ಕಿಹಾಕಿಕೊಂಡೆ?” ಒಳಕೋಣೆಯ ಮಂಚದಿಂದ ನಿಧಾನವಾದ ದನಿ ಬರುತ್ತದೆ. ದನಿ ಆಕೆಯ ಅತ್ತೆಯದು. ಸೊಸೆ ದಾರಿ ಕಾಣದೆ ನಿಂತಾಗಲೇ ಮೆಟ್ಟು ಕಟಕಟ ಎನ್ನುತ್ತದೆ ಎನ್ನುವುದು ಅವರಿಗೆ ಗೊತ್ತು. ಕೆಲಸ ಸರಾಗವಾಗಿ ಸಾಗುವ ದಿನ ಈ ಮನೆಯಲ್ಲಿ ಸದ್ದಿರುವುದಿಲ್ಲ.

ವೆಬ್‌ಸೈಟ್ ಕಟ್ಟುವ ಪ್ರೋಗ್ರಾಮರ್‌ಗಳು ಪ್ರತಿ ಸಲವೂ ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಜಾವಾ ಭಾಷೆಯಲ್ಲಿ ಬರೆಯುವವರಿಗೆಂದು ಯಾರೋ ಸಿದ್ಧಪಡಿಸಿಟ್ಟ ಚೌಕಟ್ಟುಗಳಿರುತ್ತವೆ, ಅವುಗಳನ್ನು ಫ್ರೇಮ್‌ವರ್ಕ್ ಎನ್ನುತ್ತಾರೆ. ಬಾಗಿಲು, ಕಿಟಕಿ, ಕೀಲು, ಚಿಲಕ ಎಲ್ಲವೂ ಅದರಲ್ಲಿ ಮೊದಲೇ ಇರುತ್ತವೆ. ಒಳಗೆ ಯಾರಿರಬೇಕು, ಏನಿರಬೇಕು ಎನ್ನುವುದಷ್ಟೇ ಕಟ್ಟುವವರ ಪಾಲು. ಯಾವ ಚಿಲಕವನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಹೇಳಲು ಜೊತೆಗೊಂದು ಕೈಪಿಡಿಯೂ ಇರುತ್ತದೆ. ಅಂಥದೊಂದು ಫ್ರೇಮ್‌ವರ್ಕಿನ ನೂರಾರು ಪುಟಗಳ ಕೈಪಿಡಿಯನ್ನು ತಿದ್ದಿ ತೀಡುವುದು ಈಕೆಯ ಕಸುಬು.

ಎಲೆಮರೆಯ ಕಾಯಿಗಾದರೂ ಎಲೆ ಸರಿಸಿ ನೋಡುವವರು ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ಈಕೆಯ ಕೆಲಸ ಸರಿಯಾಗಿದ್ದಷ್ಟೂ ಯಾರ ಕಣ್ಣಿಗೂ ಬೀಳುವುದಿಲ್ಲ. ದಿನಕ್ಕೆ ನಾಲ್ಕೈದು ಪುಟ ಕೈದಾಟುತ್ತವೆ. ಅವನ್ನು ಓದಿ ಕೆಲಸ ಮುಗಿಸಿಕೊಳ್ಳುವವರು ಸಾವಿರಗಟ್ಟಲೆ. ಚೆನ್ನಾಗಿದೆ ಎಂದು ಬರೆಯುವವರು ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. ಒಂದು ಸಾಲು ತಪ್ಪಿತೆಂದರೆ ಮಾತ್ರ ಬೈಗುಳ ನಾನು ಮುಂದು ತಾನು ಮುಂದು ಎಂದು ಬರುತ್ತದೆ.

ಮೊದಲು ಇವರು ಅಚ್ಚುಕೂಟವೊಂದರಲ್ಲಿ ಪ್ರೂಫ್ ನೋಡುತ್ತಿದ್ದರು. ಅಲ್ಲಿಗೆ ಅಚ್ಚಿಗೆ ಬಂದ ಪ್ರೋಗ್ರಾಮಿಂಗ್ ಪುಸ್ತಕವೊಂದರಲ್ಲಿ ಹೇಳಿದಂತೆ ಮಾಡಿದರೆ ಹೇಳಿದ್ದು ಬರುವುದಿಲ್ಲ ಎಂದು ಅನುಮಾನಪಟ್ಟು, ಸಂಜೆ ಅಚ್ಚುಕೂಟದ ಕಂಪ್ಯೂಟರ್‌ನಲ್ಲೇ ಮಾಡಿ ನೋಡಿದರು. ಬರಲಿಲ್ಲ. ಮುಂದೆ ಅಚ್ಚುಕೂಟ ಬಾಗಿಲು ಹಾಕಿತು, ಈ ಚಟ ಮಾತ್ರ ಉಳಿಯಿತು. ಹಾಗೆ ಕಲಿತ ಜಾವಾ ಇವರದು. ಇವರ ಒಂದು ಪದ್ಧತಿ ಎಂದರೆ, ಪುಟದಲ್ಲಿ ಏನು ಬರೆದಿದೆಯೋ ಅಷ್ಟನ್ನೇ ಮಾಡುವುದು. ತನಗೆ ತಿಳಿದಿದೆ ಎಂದು ಒಂದು ಹೆಜ್ಜೆಯನ್ನೂ ತಾನಾಗಿ ಸೇರಿಸುವುದಿಲ್ಲ.

“ಏನೂ ಗೊತ್ತಿಲ್ಲ ಅಂದ್ಕೊಂಡು ಕೂರೋದೇ ಕಷ್ಟದ ಕೆಲಸ. ಗೊತ್ತಿರೋ ಕೈ ಸುಮ್ಮನಿರಲ್ಲ, ಪುಟ ಬಿಟ್ಟಿದ್ದನ್ನ ತಾನೇ ತುಂಬಿಬಿಡುತ್ತೆ. ಆಮೇಲೆ ಪುಟ ಸರಿ ಇದೆ ಅನ್ನಿಸುತ್ತೆ” ಎನ್ನುತ್ತಾರೆ.

ಅದಕ್ಕೇ ಈ ಫ್ರೇಮ್‌ವರ್ಕಿನ ತಂಡದಲ್ಲೊಂದು ಕಟ್ಟುನಿಟ್ಟಾದ ನಿಯಮವಿದೆ. ತಿದ್ದಿದ ಯಾವ ಪುಟವೂ ಎರಡನೆಯ ಓದುಗರೊಬ್ಬರು ಅದರಂತೆ ಮಾಡಿ ನೋಡದೆ ಹೊರಗೆ ಹೋಗಬಾರದು. ಉಳಿದವರಿಗೆ ಪಕ್ಕದ ಕುರ್ಚಿಯಲ್ಲಿ ಸಹೋದ್ಯೋಗಿಗಳಿರುತ್ತಾರೆ. ಮನೆಯಲ್ಲಿ ಒಬ್ಬರೇ ಕೂರುವ ಇವರಿಗೆ ಯಾರು ಸಿಗಬೇಕು? ಸಿಕ್ಕಿದ್ದು ಅತ್ತೆ.

ಅತ್ತೆ ದರ್ಜಿ. ಬೀದಿ ತಿರುವಿನ ಪುಟ್ಟ ಅಂಗಡಿಯಲ್ಲಿ ಅಂಗಿ ಹೊಲಿದೇ ಮಗನನ್ನು ಬೆಳೆಸಿದವರು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೆ ಅವರಿಗೆ ಉಳಿದ ಕೆಲಸ ಒಂದೇ, ಮೊಸರಲ್ಲಿ ಕಲ್ಲು ಹುಡುಕುವುದು. ಕಣ್ಣಿನ ಪೊರೆ ತೆಗೆಸಿದ ಮೇಲಂತೂ ಇನ್ನೂ ಸಣ್ಣ ಕಲ್ಲುಗಳು ಸಿಗತೊಡಗಿದವು. ದಿನವಿಡೀ ಆ ಡಬ್ಬದ ಮುಂದೆ ಏನು ಮಾಡುತ್ತೀ ಎಂದು ಒಂದು ದಿನ ಅವರು ಜೋರಾಗಿ ಕೇಳಿದರು. ರೋಸಿಹೋದ ಸೊಸೆ, ನೀವೇ ಮಾಡಿ ನೋಡಿ ಎಂದು ಹಳೆಯ ಲ್ಯಾಪ್‌ಟಾಪ್ ಮುಂದಿಟ್ಟರು. ಮೂರನೆಯ ಸಾಲಿಗೇ ಅತ್ತೆ ನಿಂತರು. ಈಗ ಫೈಲನ್ನು ತೆರೆಯಿರಿ ಎಂದು ಅಲ್ಲಿ ಬರೆದಿತ್ತು. ಯಾವ ಫೈಲು ಎಂದು ಅತ್ತೆ ಕೇಳಿದರು. ಅಷ್ಟೂ ಗೊತ್ತಾಗುವುದಿಲ್ಲವೇ ಎನ್ನಲು ಬಾಯಿ ತೆರೆದ ಸೊಸೆ ಹಾಗೇ ಮುಚ್ಚಿಕೊಂಡರು. ಯಾವ ಫೈಲೆಂದು ಪುಟದಲ್ಲಿ ಎಲ್ಲೂ ಇರಲಿಲ್ಲ.

“ಅಂಗಿ ಕತ್ತರಿಸೋ ಪ್ಯಾಟ್ರನ್ ಕಾಗದದ ಮೇಲೆ ಹೊಲಿಗೆ ಅಂಚು ಎಷ್ಟು ಬಿಡಬೇಕು ಅಂತ ಬರೀದೆ ಇದ್ರೆ, ಹೊಸಬ ಕತ್ತರಿಸಿದ ಅಂಗಿ ಮೈಗೆ ಹಿಡಿಯಲ್ಲ. ಅದು ಅವನ ತಪ್ಪಲ್ಲ, ಕಾಗದದ ತಪ್ಪು. ಇದೂ ಅದೇ ಅಲ್ವಾ?” ಎನ್ನುತ್ತಾರೆ ಅತ್ತೆ.

ಅಂದಿನಿಂದ ಅತ್ತೆ ನಿಂತ ಸಾಲೇ ಪುಟ ತಪ್ಪಿದ ಸಾಲು. ‘ಸುಲಭವಾಗಿ’ ಎಂಬ ಮಾತಿದ್ದ ಕಡೆಯೆಲ್ಲ ಅವರು ನಿಂತದ್ದರಿಂದ ಕೈಪಿಡಿಯಿಂದ ಆ ಮಾತೇ ಮಾಯವಾಯಿತು. ಸೊಸೆ ಮಾಡಿ ಮುಗಿಸುವವರೆಗೆ ಕಾಯುವ ತಾಳ್ಮೆ ಅವರಿಗಿಲ್ಲ. ಹಾಗಾಗಿ ಇಬ್ಬರೂ ಅಕ್ಕಪಕ್ಕ ಕೂತು, ಎರಡು ಯಂತ್ರಗಳಲ್ಲಿ ಒಂದೇ ಹೊತ್ತಿಗೆ ಒಂದೇ ಪುಟ ಮಾಡುವುದು ಈ ಮನೆಯ ರೂಢಿಯಾಯಿತು. ತಿದ್ದಿದ ಪುಟದ ಕೆಳಗೆ ಎರಡನೆಯ ಓದುಗರ ಹೆಸರು ಹಾಕುವ ಜಾಗದಲ್ಲಿ ‘ಅತ್ತೆ’ ಎಂದೇ ಬೀಳತೊಡಗಿತು. ಹೀಗಾಗಿ ದೂರದೂರದ ಪ್ರೋಗ್ರಾಮರ್‌ಗಳ ಬಾಯಲ್ಲಿ ಇವರು ‘ಸೊಸೆ’ ಆದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಇಲ್ಲಿ ಇಬ್ಬರ ಕಾಲವೂ ಒಟ್ಟಿಗೇ ಬಂತು, ಆದರೆ ಕೊನೆಯವರೆಗೆ ನಿಲ್ಲಲಿಲ್ಲ.

ಮುಂದಿನದನ್ನು ಹೇಳುವ ಮೊದಲು ಒಂದು ಮಾದರಿಯ ಬಗ್ಗೆ ಹೇಳಬೇಕು. ಕೈಪಿಡಿಗಳಲ್ಲಿ ನೋಡಿ ಕಲಿಯಲೆಂದು ಚಿಕ್ಕದೊಂದು ಮಾದರಿ ವೆಬ್‌ಸೈಟ್ ಕಟ್ಟಿ ತೋರಿಸುತ್ತಾರೆ. ಸೊಸೆ ಅದಕ್ಕೆ ಕಟ್ಟಿದ್ದು ದರ್ಜಿ ಅಂಗಡಿ. ಗಿರಾಕಿಯನ್ನು ಆರಿಸಿ ಗುಂಡಿ ಒತ್ತಿದರೆ, ಹುಡುಕಲು ಎರಡು ಸೆಕೆಂಡು ಹಿಡಿದು, ಆ ಗಿರಾಕಿಯ ಅಂಗಿಯ ಅಳತೆ ತೆರೆಯ ಮೇಲೆ ಬರುತ್ತದೆ. ಗಿರಾಕಿಗಳು ಮೂವರು, ಡ್ರೈವರ್, ಟೀಚರ್, ಬೇಕರಿಯವರು. ಅಳತೆಗಳು ಮಾದರಿಯ ಒಳಗೆ ಅಡಗಿರುತ್ತವೆ, ಗುಂಡಿ ಒತ್ತಿದವರಿಗಷ್ಟೇ ಕಾಣುತ್ತವೆ. ಪರೀಕ್ಷೆಗೆ ಕೂತಾಗ ಅತ್ತೆಯ ಪಾಲಿಗೆ ಯಾವಾಗಲೂ ಟೀಚರ್, ಸೊಸೆಯ ಪಾಲಿಗೆ ಡ್ರೈವರ್. ಟೀಚರ್ ಮತ್ತು ಬೇಕರಿಯವರ ಅಳತೆಗಳು ಮನಸ್ಸಿಗೆ ತೋಚಿದಂತೆ ಬರೆದವು. ಡ್ರೈವರನ ಅಳತೆ ಮಾತ್ರ ನಿಜವಾದದ್ದು. ಗೋಡೆಯ ಮೊಳೆಗೆ ನೇತುಹಾಕಿದ್ದ ಕಾಗದದ ಪ್ಯಾಟ್ರನ್ ನೋಡಿ ಬರೆದದ್ದು. ಅದು ಸೊಸೆಯ ಗಂಡನದು, ಅಂದರೆ ಅತ್ತೆಯ ಮಗನದು.

ಅವರು ಬಸ್ ಓಡಿಸುತ್ತಿದ್ದರು. ನನ್ನ ಹೊಟ್ಟೆಯ ಸುತ್ತಳತೆಯನ್ನು ಲೋಕಕ್ಕೆಲ್ಲ ಸಾರಿಬಿಟ್ಟೆಯಲ್ಲ, ಇನ್ನು ಯಾರ ಮುಂದೆ ಉಸಿರು ಬಿಗಿಹಿಡಿದು ಏನು ಪ್ರಯೋಜನ ಎಂದು ಹೆಂಡತಿಯನ್ನು ರೇಗಿಸುತ್ತಿದ್ದರು. ಒಂದು ಸಂಜೆ ಡಿಪೋದಿಂದ ಫೋನ್ ಬಂತು. ಬಸ್ಸನ್ನು ಸರಿಯಾಗಿ ತಂದು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆ ಇಟ್ಟವರು ಮತ್ತೆ ಎತ್ತಲಿಲ್ಲವಂತೆ.

ಆ ವಾರದ್ದೇ ಈ ಕತೆಯ ಕುತ್ತು. ಫ್ರೇಮ್‌ವರ್ಕಿನ ಹೊಸ ಆವೃತ್ತಿ ಹೊರಬರುವ ದಿನ ಹತ್ತಿರವಿತ್ತು. ಮಾದರಿಗಳು ಉದ್ದವಾದವು, ಚಿಕ್ಕದು ಮಾಡಿ ಎಂದು ಮೇಲಿನಿಂದ ಮಾತು ಬಂದಿತ್ತು. ರಜೆ ಕೇಳಿದರೆ ಕೊಡುತ್ತಿದ್ದರು, ಇವರು ಕೇಳಲಿಲ್ಲ. ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ಕೆಲಸಕ್ಕೆ ಕೂತರು. ದರ್ಜಿ ಅಂಗಡಿಯ ಮಾದರಿಯಲ್ಲಿ, ಯಾವ ಗಿರಾಕಿ ಎಂಬುದನ್ನು ನೆನಪಿಡುವ ಜಾಗವನ್ನು ಒಳಗಿನಿಂದ ತೆಗೆದು ಮೇಲಕ್ಕೆ ಇಟ್ಟರು. ನಾಲ್ಕು ಸಾಲು ಉಳಿತಾಯವಾಯಿತು. ತಾನೊಬ್ಬಳೇ ಒತ್ತಿ ನೋಡಿದಾಗ ಅಳತೆ ಸರಿಯಾಗಿಯೇ ಬಂತು.

ಅದರಲ್ಲಿ ಏನು ತಪ್ಪಾಯಿತು ಎನ್ನುವುದನ್ನು ಅತ್ತೆಯೇ ಚೆನ್ನಾಗಿ ಹೇಳುತ್ತಾರೆ. “ಅಂಗಡೀಲಿ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಚೀಟಿ ಇರ್ಬೇಕು. ಇವಳು ಚೀಟಿ ಎಲ್ಲಾ ತೆಗೆದು ಗೋಡೆ ಮೇಲೆ ಒಂದೇ ಹಲಗೆ ಹಾಕಿದ್ಲು. ಒಬ್ಬ ಬಂದ್ರೆ ಸರಿ. ಅವನದು ಹುಡುಕೋ ಅಷ್ಟರಲ್ಲಿ ಇನ್ನೊಬ್ಬ ಬಂದು ಹಲಗೆ ಒರೆಸಿ ತನ್ನ ಹೆಸರು ಬರೆದ್ರೆ? ಮೊದಲನೆಯವನಿಗೆ ಎರಡನೆಯವನ ಅಳತೆ ಹೋಗುತ್ತೆ.”

ಒಬ್ಬರೇ ಕೂತು ನೋಡಿದರೆ ಈ ತಪ್ಪು ಜನ್ಮದಲ್ಲಿ ಕಾಣುವುದಿಲ್ಲ. ಇಬ್ಬರು ಒಂದೇ ಹೊತ್ತಿಗೆ ಬರಬೇಕು. ಅತ್ತೆ ಎಂದಿನಂತೆ ಪಕ್ಕದಲ್ಲಿದ್ದಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು. ಅತ್ತೆ ಆ ವಾರವೆಲ್ಲ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರನ್ನು ಎಬ್ಬಿಸಲು ಸೊಸೆಗೆ ಮನಸ್ಸಾಗಲಿಲ್ಲ. ಮನೆಯ ಪರಿಸ್ಥಿತಿ ಗೊತ್ತಿದ್ದ ಕೈಪಿಡಿಯ ಉಸ್ತುವಾರಿಯವರೂ ಎರಡನೆಯ ಓದುಗರ ಜಾಗವನ್ನು ಖಾಲಿ ಬಿಟ್ಟು ಪುಟವನ್ನು ಹೊರಗೆ ಹೋಗಲು ಬಿಟ್ಟರು. ಅಷ್ಟು ವರ್ಷಗಳಲ್ಲಿ ಅತ್ತೆ ಓದದೆ ಹೋದ ಪುಟ ಅದೊಂದೇ.

ಕೈಪಿಡಿಯನ್ನು ಓದುವವರು ಕಡಿಮೆ. ಮಾದರಿಯನ್ನು ಎತ್ತಿಕೊಂಡು ಹೋಗಿ ತಮ್ಮಲ್ಲಿ ಅಂಟಿಸಿಕೊಳ್ಳುವವರೇ ಹೆಚ್ಚು. ಹಾಗೆ ಎಷ್ಟು ಜನ ಎಲ್ಲೆಲ್ಲಿ ಅಂಟಿಸಿಕೊಂಡರೋ ಬಲ್ಲವರಿಲ್ಲ. ಅತ್ತೆ ಚೇತರಿಸಿಕೊಂಡು ಮತ್ತೆ ಓದಲು ಕೂತರೂ ಹೊರಗೆ ಹೋದ ಆ ಪುಟವನ್ನು ಇಬ್ಬರೂ ಮತ್ತೆ ತೆರೆಯಲಿಲ್ಲ, ಹಲವು ವರ್ಷ ಯಾರೂ ಏನೂ ಹೇಳಲಿಲ್ಲ. ಹೋದ ವರ್ಷ ಗೊತ್ತಿಲ್ಲದ ಪ್ರೋಗ್ರಾಮರ್ ಒಬ್ಬರಿಂದ ಸೊಸೆಗೆ ಚಿಕ್ಕದೊಂದು ಮೇಲ್ ಬಂತು. ಅವರು ಯಾವುದೋ ಸಣ್ಣ ಕ್ಲಿನಿಕ್‌ಗೆ, ರೋಗಿಗಳು ತಮ್ಮ ರಕ್ತಪರೀಕ್ಷೆಯ ವರದಿಯನ್ನು ಮನೆಯಿಂದಲೇ ನೋಡುವ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಒಂದು ಬೆಳಿಗ್ಗೆ ಇಬ್ಬರು ಹೆಂಗಸರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಮ್ಮ ತಮ್ಮ ವರದಿ ತೆರೆದರು. ಮೊದಲು ಒತ್ತಿದವರಿಗೆ ಎರಡನೆಯವರ ವರದಿ ಕಾಣಿಸಿತು. ಅದರಲ್ಲಿ ಏನೂ ದೋಷವಿರಲಿಲ್ಲ. ಆಕೆ ನೆಮ್ಮದಿಯಿಂದ ಕಂಪ್ಯೂಟರ್ ಆರಿಸಿ ತನ್ನ ಕೆಲಸಕ್ಕೆ ಹೋದರು. ಆಕೆಯದೇ ವರದಿಯಲ್ಲಿ ದೋಷವಿತ್ತು. ಅದು ಬೆಳಕಿಗೆ ಬರುವಷ್ಟರಲ್ಲಿ ವಾರಗಳು ಕಳೆದಿದ್ದವು.

ಮೇಲ್‌ನ ಕೆಳಗೆ ಆ ಪ್ರೋಗ್ರಾಮರ್ ತಾವು ಬರೆದ ಹತ್ತಾರು ಸಾಲುಗಳನ್ನು ಅಂಟಿಸಿ, ಇದರಲ್ಲಿ ತಪ್ಪೆಲ್ಲಿದೆ, ನಿಮ್ಮ ಪುಟ ನೋಡಿಯೇ ಬರೆದದ್ದು ಎಂದು ಕೇಳಿದ್ದರು. ಸೊಸೆಗೆ ತಪ್ಪು ಹುಡುಕಬೇಕಾಗಿ ಬರಲಿಲ್ಲ. ರಕ್ತದ ವರದಿಯನ್ನು ಆ ಸಾಲುಗಳಲ್ಲಿ ಇನ್ನೂ ‘ಅಳತೆ’ ಎಂದೇ ಕರೆದಿತ್ತು, ರೋಗಿಯನ್ನು ‘ಗಿರಾಕಿ’ ಎಂದು. ದರ್ಜಿ ಅಂಗಡಿಯ ಹೆಸರುಗಳನ್ನು ಬದಲಾಯಿಸುವಷ್ಟು ಪುರುಸೊತ್ತೂ ಆ ಪ್ರೋಗ್ರಾಮರ್‌ಗೆ ಇರಲಿಲ್ಲ.

“ನಾಲ್ಕು ಸಾಲು ಉಳಿಸೋಕೆ ನಾನು ಮಾಡಿದ ತಪ್ಪು ಅಲ್ಲಿ ಕೂತಿತ್ತು. ಆ ಹೆಂಗಸು ಹೇಗಿದ್ದಾರೆ ಅಂತ ಬರೆದು ಕೇಳಿದೆ. ಮೇಲ್ ಕಳಿಸಿದೋರು ಅಷ್ಟರಲ್ಲಿ ಆ ಕೆಲಸ ಬಿಟ್ಟಿದ್ರು, ಗೊತ್ತಿಲ್ಲ ಅಂದ್ರು. ಇವತ್ತಿಗೂ ಗೊತ್ತಿಲ್ಲ” ಎನ್ನುವಾಗ ಮೇಜಿನ ಕೆಳಗೆ ಮೆಟ್ಟು ಮತ್ತೆ ಕಟಕಟ ಎನ್ನತೊಡಗುತ್ತದೆ.

ಆ ಮೇಲ್ ಬಂದಾಗ ಅತ್ತೆ ಆಸ್ಪತ್ರೆಯಲ್ಲಿದ್ದರು. ಹತ್ತು ದಿನ ಹಿಂದಷ್ಟೇ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು. ಗಾಯದ ಮೇಲೆ ಬರೆ ಎನ್ನುವುದು ಇದಕ್ಕೇ ಇರಬೇಕು. ಸೊಸೆ ಆಸ್ಪತ್ರೆಯ ವರಾಂಡದಲ್ಲೇ ಕೂತು ಈಗಿನ ಆವೃತ್ತಿಯ ಪುಟವನ್ನು ತಿದ್ದಿದರು. ಇನ್ನೊಬ್ಬ ಸಹೋದ್ಯೋಗಿ ಎರಡನೆಯ ಓದುಗರಾದರು. ಹಳೆಯ ಆವೃತ್ತಿಯ ಪುಟ ಮಾತ್ರ ಹಾಗೇ ಉಳಿಯಿತು, ಹಳೆಯವನ್ನು ಉಸ್ತುವಾರಿಯವರ ಒಪ್ಪಿಗೆಯಿಲ್ಲದೆ ಮುಟ್ಟುವಂತಿರಲಿಲ್ಲ.

ಅತ್ತೆ ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಸೊಸೆ ಎಲ್ಲವನ್ನೂ ಹೇಳಿದರು. ಮಾತಿಗೆ ಮುಂಚೆ ತಪ್ಪು ತೆಗೆಯುವ ಅತ್ತೆ ಸಂಜೆ ತಟ್ಟೆ ಮುಂದಿಟ್ಟಾಗ ಹೇಳಿದ್ದು ಒಂದೇ ಮಾತು. “ನನ್ನನ್ನ ಎಬ್ಬಿಸಬೇಕಿತ್ತು.”

“ಹೇಗೆ ಎಬ್ಬಿಸ್ಲಿ ಅತ್ತೆ, ನೀವಿದ್ದ ಸ್ಥಿತೀಲಿ?”

“ನನಗೆ ಮಗ ಹೋಗಿದ್ದ ಕಣೇ. ಕಣ್ಣು ಹೋಗಿರಲಿಲ್ಲ.”

ಒಂದೇ ಸೂರಿನಡಿ, ಒಬ್ಬನಿಗಾಗಿಯೇ, ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಅತ್ತ ವಾರ ಅದು. ಅತ್ತೆಗೆ ತೊಂದರೆ ಕೊಡಬಾರದೆಂದು ತಾನು ತೋರಿಸಿದ ಮರ್ಯಾದೆ ಅತ್ತೆಗೆ ಬೇಕಿರಲೇ ಇಲ್ಲವೇನೋ ಎಂಬ ಅನುಮಾನ ಸೊಸೆಯನ್ನು ಈಗಲೂ ಕೊರೆಯುತ್ತದೆ.

ಈಚೆಗೆ ಸೊಸೆಗೆ ತಿಳಿದುಬಂದ ಸುದ್ದಿಯೆಂದರೆ, ಈ ತಿಂಗಳ ಕೊನೆಗೆ ಹಳೆಯ ಆವೃತ್ತಿಯ ಪುಟಗಳಿಗೆ ಶಾಶ್ವತವಾಗಿ ಬೀಗ ಬೀಳಲಿದೆ. ಓದಬಹುದು, ಎತ್ತಿಕೊಳ್ಳಬಹುದು, ಆದರೆ ಒಂದು ಚುಕ್ಕೆಯನ್ನೂ ಯಾರೂ ಬದಲಾಯಿಸಲಾಗುವುದಿಲ್ಲ. ಬೀಗ ಬೀಳುವ ಮೊದಲು ಆ ಮಾದರಿಯ ತಲೆಯ ಮೇಲೆ ಒಂದು ಎಚ್ಚರಿಕೆಯಾದರೂ ಕೂರದಿದ್ದರೆ ತಪ್ಪು ಕಲ್ಲಿನಲ್ಲಿ ಕೊರೆದಂತೆ ನಿಂತುಬಿಡುತ್ತದೆ. ಇವರ ನಿದ್ದೆ ಕೆಡಿಸಿದ್ದು ಇದೊಂದೇ ಚಿಂತೆ. ಬರೆದು ಕೇಳಿದರು. ಉಸ್ತುವಾರಿಯವರು ಕೆಟ್ಟವರಲ್ಲ, ದಣಿದವರು. ಒಂದು ಪುಟಕ್ಕೆ ಬಾಗಿಲು ತೆರೆದರೆ ನೂರು ಪುಟದವರು ಬಂದು ನಿಲ್ಲುತ್ತಾರೆ, ಹಳೆಯದನ್ನು ಬಳಸುವವರು ಹೊಸದಕ್ಕೆ ಬರಲಿ ಎಂದರು. ಹೊಸದಕ್ಕೆ ಬರುವ ಶಕ್ತಿ ಇಲ್ಲದ ಸಣ್ಣ ಕ್ಲಿನಿಕ್, ಸಣ್ಣ ಕಚೇರಿಗಳವರೇ ಹಳೆಯ ಪುಟ ಓದುವುದು, ಅವರಲ್ಲಿಗೆ ಬರುವ ಜನರಿಗೆ ಆವೃತ್ತಿ ಅಂದರೇನೆಂದೇ ತಿಳಿಯದು ಎಂದು ಇವರು ವಾದಿಸಿದರು.

ಕೊನೆಗೆ ಉಸ್ತುವಾರಿಯವರು ಮೆತ್ತಗಾದರು. ಎಚ್ಚರಿಕೆ ಹಾಕಿ, ಆದರೆ ನಿಯಮದಂತೆ ಎರಡನೆಯ ಓದುಗರು ಆ ಹಳೆಯ ಮಾದರಿಯನ್ನು ನಡೆಸಿ ತಪ್ಪನ್ನು ಕಣ್ಣಾರೆ ಕಂಡಿರಬೇಕು ಎಂದರು. ಸತ್ತ ಆವೃತ್ತಿಗಾಗಿ ಹೊತ್ತು ಕಳೆಯುವ ಸಹೋದ್ಯೋಗಿ ಒಬ್ಬರೂ ಸಿಗಲಿಲ್ಲ. ತೆರೆಯ ಮೇಲೆ ಎರಡು ಕಿಟಕಿ ತೆರೆದು ಎರಡೂ ಕೈಯಲ್ಲಿ ತಾನೇ ಒತ್ತಿ, ಯಾರದೋ ಹೆಸರು ಹಾಕಿ ಕಳಿಸಿದರೂ ಯಾರಿಗೂ ತಿಳಿಯುತ್ತಿರಲಿಲ್ಲ.

“ಒಂದ್ಸಲ ಎರಡನೆಯವರಿಲ್ಲದೆ ಪುಟ ಕಳಿಸಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಮತ್ತೆ ಅದನ್ನೇ ಮಾಡ್ಲಾ?” ಎಂದು ಸೊಸೆ ಕೇಳುತ್ತಾರೆ.

ಹೀಗಾಗಿ ಈ ಬೆಳಗಿನ ಜಾವ ಮನೆಯಲ್ಲಿ ಮೆಟ್ಟಿನ ಸದ್ದು. ಸೊಸೆ ಸಿಕ್ಕಿಹಾಕಿಕೊಂಡಿರುವುದು ಯಾವ ಸಾಲಿನಲ್ಲೂ ಅಲ್ಲ. ಬಲಗೈ ಬಿದ್ದುಹೋದವರನ್ನು, ಕೂತರೆ ಬೆನ್ನು ನಿಲ್ಲದವರನ್ನು ಕೆಲಸಕ್ಕೆ ಕರೆಯುವುದು ಹೇಗೆ ಎಂಬಲ್ಲಿ. ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಅತ್ತೆ ಎರಡನೆಯ ಸಲ ಕೇಳಿದಾಗ ಸೊಸೆ ಬಾಗಿಲಿಗೆ ಬಂದು ನಿಂತು ವಿಷಯ ಹೇಳುತ್ತಾರೆ. ಅತ್ತೆ ಎಡಗೈ ಚಾಚುತ್ತಾರೆ, ಹಿಡಿದು ಎಬ್ಬಿಸು ಎನ್ನುವಂತೆ.

ಒಂದು ವರ್ಷದಿಂದ ಬಟ್ಟೆ ಪೇರಿಸಿಟ್ಟಿದ್ದ ಕುರ್ಚಿ ಖಾಲಿಯಾಗುತ್ತದೆ. ಅತ್ತೆಯ ಬೆನ್ನಿಗೆ ಎರಡು ದಿಂಬು, ಮುಂದೆ ಹಳೆಯ ಲ್ಯಾಪ್‌ಟಾಪ್. ಕೂತ ತಕ್ಷಣ ಅವರು ಹುಡುಕುವ ಮೊದಲ ಕಲ್ಲು ತೆರೆಯ ಮೇಲಿನ ಧೂಳು. ನಾನು ಬಿದ್ದಿದ್ದೆ ಸರಿ, ಬಟ್ಟೆ ಹಿಡಿದು ಒರೆಸೋಕೆ ನಿನಗೇನಾಗಿತ್ತು ಎಂದು ಕೇಳುತ್ತಾರೆ. ಒರೆಸಿ ಆಗುತ್ತದೆ. ಸೊಸೆ ತನ್ನ ಕಂಪ್ಯೂಟರ್‌ನಲ್ಲಿ ದರ್ಜಿ ಅಂಗಡಿಯನ್ನು ಎರಡೂ ಯಂತ್ರಗಳಿಂದ ನೋಡುವಂತೆ ತೆರೆಯುತ್ತಾರೆ. ಅತ್ತೆ ಪುಟವನ್ನು ಮೊದಲ ಸಾಲಿನಿಂದ ಓದುತ್ತಾರೆ, ತುಟಿ ಅಲ್ಲಾಡಿಸುತ್ತ, ಬೆರಳಿಟ್ಟು. ಹಿಂದೆ ಟೀ ಆರುವ ಮೊದಲು ಮುಗಿಯುತ್ತಿದ್ದ ಪುಟಕ್ಕೆ ಇವತ್ತು ಕಿಟಕಿಯಲ್ಲಿ ಪೂರ್ತಿ ಬೆಳಕಾಗುತ್ತದೆ. ಬೀದಿಯಲ್ಲಿ ಮೊದಲ ಬಸ್ಸು ಹೋಗುತ್ತದೆ. ಅದು ಹೋಗುವವರೆಗೆ ಇಬ್ಬರೂ ತಲೆ ಎತ್ತುವುದಿಲ್ಲ.

ಅತ್ತೆ ಟೀಚರ್ ಎಂಬುದನ್ನು ಆರಿಸಿ ಗುಂಡಿ ಒತ್ತಬೇಕು, ಆ ಎರಡು ಸೆಕೆಂಡಿನೊಳಗೆ ಸೊಸೆ ಡ್ರೈವರ್ ಎಂಬುದನ್ನು ಒತ್ತಬೇಕು. ಮೊದಲ ಸಲ ಅತ್ತೆಯ ಎಡಗೈ ಬೆರಳು ಗುಂಡಿಯ ಪಕ್ಕಕ್ಕೆ ಜಾರುತ್ತದೆ. ಎರಡನೆಯ ಸಲ ಅವರು ಒತ್ತಿದ್ದು ಸೊಸೆಗೆ ಗೊತ್ತಾಗುವಷ್ಟರಲ್ಲಿ ಟೀಚರ್ ಅಳತೆ ಸರಿಯಾಗಿಯೇ ಬಂದುಬಿಡುತ್ತದೆ. ನೀವು ಸುಸ್ತಾದಿರಿ, ನಾಳೆ ನೋಡೋಣ ಎಂದು ಸೊಸೆ ಹೇಳುತ್ತಾರೆ. ಅತ್ತೆ ಕೇಳಿಸಿಕೊಂಡಂತೆ ಕಾಣುವುದಿಲ್ಲ. ಕತ್ತರಿ ಹಾಕುವ ಮೊದಲು ದರ್ಜಿಗಳು ಹಿಡಿಯುವಂತೆ ಉಸಿರು ಹಿಡಿದು, ಹೂಂ ಎಂದು ಸದ್ದು ಮಾಡಿ ಒತ್ತುತ್ತಾರೆ. ಸೊಸೆಯೂ ಒತ್ತುತ್ತಾರೆ.

ಅತ್ತೆಯ ತೆರೆಯ ಮೇಲೆ ನಾಲ್ಕು ಸಾಲು ಬರುತ್ತದೆ. ಎದೆ, ಸೊಂಟ, ತೋಳು, ಕೊರಳು. ಅತ್ತೆ ಒಂದೊಂದನ್ನೇ ಗಟ್ಟಿಯಾಗಿ ಓದುತ್ತಾರೆ.

“ಇದು ಟೀಚರ್‌ದಲ್ಲ.”

“ಅಲ್ಲ ಅತ್ತೆ. ಅದೇ ತಪ್ಪು. ನೀವು ನೋಡ್ಬೇಕಾಗಿದ್ದು ಅದನ್ನೇ.”

ಅತ್ತೆ ಇನ್ನೊಮ್ಮೆ ಓದುತ್ತಾರೆ, ಈ ಸಲ ಮನಸ್ಸಿನಲ್ಲೇ. ಎಡಗೈ ಬೆರಳು ತೆರೆಯ ಮೇಲೆ ಹೋಗಿ ತೋಳಿನ ಸಾಲನ್ನು ಮುಟ್ಟಿ ಅಲ್ಲೇ ನಿಲ್ಲುತ್ತದೆ. “ಇದು ಅವನದು” ಎನ್ನುತ್ತಾರೆ. ಸೊಸೆಗೆ ಆಗಷ್ಟೇ ಹೊಳೆಯುತ್ತದೆ. ಹಿಂದೆ ವರ್ಷಗಟ್ಟಲೆ ಪರೀಕ್ಷೆಯಲ್ಲಿ ಡ್ರೈವರ್ ಡ್ರೈವರ್ ಎಂದು ಒತ್ತೊತ್ತಿ ತನಗೆ ಅದು ಬರೀ ಅಂಕಿಯಾಗಿಬಿಟ್ಟಿತ್ತು. ಅತ್ತೆಯ ಕಣ್ಣಿಗೆ ಆ ಅಂಕಿಗಳು ಬಿದ್ದದ್ದು ಇವತ್ತೇ ಮೊದಲು. ಸರಿಯಾದ ಪುಟವಾಗಿದ್ದರೆ ಇವತ್ತೂ ಬೀಳುತ್ತಿರಲಿಲ್ಲ. ಮಗನ ಮೈಯನ್ನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಗೀಚಿ ಕಲಿತ ತಾಯಿಗೆ ಹೆಸರು ಬೇಕಾಗಲಿಲ್ಲ.

ಸೊಸೆಗೆ ಅಳು ಬರುತ್ತದೆ. ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚುತ್ತಾರೆ. ಅತ್ತೆ ಆ ಕೈಯನ್ನು ತಡೆಯುತ್ತಾರೆ.

“ಕೊರಳು ಹದಿನೈದು ಅಂತ ಬರೆದಿದ್ದೀಯ.”

“ಗೋಡೆ ಮೇಲಿದ್ದ ಪ್ಯಾಟ್ರನ್ ನೋಡಿ ಬರೆದೆ ಅತ್ತೆ.”

“ಅದು ಮದುವೆಗೆ ಮುಂಚಿನದು. ಆಮೇಲೆ ಹದಿನೈದೂವರೆ ಮಾಡಿದ್ದೆ. ಈ ಕೊರಳು ಹಾಕಿದ್ರೆ ಅವನಿಗೆ ಉಸಿರು ಕಟ್ತಿತ್ತು.” ಬೆರಳನ್ನು ಕೊರಳಿನ ಸಾಲಿಗೆ ಇಳಿಸಿ ಸೇರಿಸುತ್ತಾರೆ, “ಬೀಗ ಹಾಕೋಕೆ ಮುಂಚೆ ಅದನ್ನೂ ಸರಿ ಮಾಡು.”

ಬಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮಗ ಹೋದ ಇಷ್ಟು ವರ್ಷಕ್ಕೆ ಅವನ ಅಳತೆಯ ಮುಂದೆ ಕೂತು, ಅತ್ತೆ ಮೊಸರಿನಲ್ಲಿ ಕಲ್ಲು ಹುಡುಕಿಯೇಬಿಟ್ಟರು. ಸೊಸೆ ಅಳುತ್ತಲೇ ನಗುತ್ತಾರೆ. ಅತ್ತೆ ನಗುವುದಿಲ್ಲ. ಇದರಲ್ಲಿ ನಗುವುದೇನಿದೆ ಎಂಬ ಮುಖ ಮಾಡಿಕೊಂಡು ಕೂತಿರುತ್ತಾರೆ.

ಅದೇ ದಿನ ಎರಡು ತಿದ್ದುಪಡಿ ಹೋದವು. ಮೊದಲನೆಯದು ಮಾದರಿಯ ತಲೆಯ ಮೇಲಿನ ಎಚ್ಚರಿಕೆ. ಸೊಸೆ ಒಂದು ಪ್ಯಾರಾ ಬರೆದಿದ್ದರು, ಉಸ್ತುವಾರಿಯವರು ಅದನ್ನು ಕಡಿದು ಒಂದು ಸಾಲು ಮಾಡಿದರು: ಇದನ್ನು ನಕಲು ಮಾಡಬೇಡಿ, ಇಬ್ಬರು ಒಟ್ಟಿಗೆ ಬಂದರೆ ಒಬ್ಬರದು ಇನ್ನೊಬ್ಬರಿಗೆ ಕಾಣುತ್ತದೆ. ಎರಡನೆಯದು ಅರ್ಧ ಇಂಚು. ಮುಚ್ಚುವ ಪುಟದಲ್ಲಿ ಈ ಅಂಕಿ ಯಾಕೆ ಬದಲಾಯಿತು ಎಂದು ಅವರು ಕೇಳಿದರು. ಎರಡನೆಯ ಓದುಗರು ಕಂಡುಹಿಡಿದ ತಪ್ಪು ಎಂದು ಸೊಸೆ ಬರೆದರು. ಮತ್ತೆ ಪ್ರಶ್ನೆ ಬರಲಿಲ್ಲ. ಅಷ್ಟು ವರ್ಷ ಖಾಲಿ ಇದ್ದ ಜಾಗದಲ್ಲಿ ‘ಅತ್ತೆ’ ಎಂದು ಬಿತ್ತು. ತಿಂಗಳ ಕೊನೆಗೆ ಬೀಗವೂ ಬಿತ್ತು.

ಇದರಿಂದ ಸೊಸೆಯ ಎದೆಯ ಭಾರ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಚ್ಚರಿಕೆ ಬಿದ್ದದ್ದು ತಮ್ಮ ಪುಟಕ್ಕೆ ಮಾತ್ರ. ಎತ್ತಿಕೊಂಡು ಹೋದವರ ಬಳಿ ಇರುವ ದರ್ಜಿ ಅಂಗಡಿಗಳ ಮೇಲೆ ಯಾವ ಎಚ್ಚರಿಕೆಯೂ ಇಲ್ಲ. ಬಿಡುವಾದಾಗಲೆಲ್ಲ ಅವರು ಅಂಥ ನಕಲುಗಳನ್ನು ಹುಡುಕಿ, ಸಿಕ್ಕವರಿಗೆ ಬರೆಯುತ್ತಾರೆ. ಕೆಲವರು ತಿದ್ದಿಕೊಳ್ಳುತ್ತಾರೆ. ಹೆಚ್ಚಿನವರು ಉತ್ತರ ಬರೆಯುವುದಿಲ್ಲ.

“ಆ ಹೆಂಗಸಿಗೆ ಏನಾಯ್ತು ಅಂತ ಗೊತ್ತಾಗ್ಬೇಕು ಅಂತ ಆಸೆ. ಗೊತ್ತಾಗಲ್ಲ. ಎಲ್ಲಾದ್ರೂ ಇರ್ಲಿ, ತನ್ನ ವರದಿ ತಾನೇ ಓದ್ತಾ ಇರ್ಲಿ” ಎಂದು ಹೇಳಿ ಸೊಸೆ ತೆರೆಯತ್ತ ತಿರುಗುತ್ತಾರೆ. ಮುಂದಿನ ಪುಟ ಕಾಯುತ್ತಿದೆ. ಪಕ್ಕದ ಕುರ್ಚಿಯ ಮೇಲೆ ಈಗ ಬಟ್ಟೆ ಪೇರಿಸುವುದಿಲ್ಲ. ಅತ್ತೆಗೆ ದಿನಕ್ಕೊಂದು ಪುಟವಾದರೆ ಹೆಚ್ಚು, ಕೆಲವು ದಿನ ಅದೂ ಆಗುವುದಿಲ್ಲ. ಆದರೂ ಬೆಳಗಾಗುವ ಮೊದಲು ಎಡಗೈ ಚಾಚುತ್ತಾರೆ.

ಬೀಗ ಬಿದ್ದ ಆ ಹಳೆಯ ಪುಟದ ಬಗ್ಗೆ ಅವರನ್ನು ಕೇಳಿದರೆ, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಹೇಳುತ್ತಾರೆ: “ಇನ್ನು ಅದನ್ನ ಯಾರೂ ಮುಟ್ಟೋಕಾಗಲ್ವಂತೆ. ಒಳ್ಳೇದಾಯ್ತು. ಅವನ ಅಳತೆ ಸರಿಯಾಗಿ ಉಳೀತು.”